ಮೂಗರ್ಜಿಗೆ ಅಂಚೆಯವನು ಹೊಣೆಯೇ?

ಕೊಟ್ಟೂರಿನ ಬಸ್ ನಿಲ್ದಾಣದ ಆಸುಪಾಸಿನ ಯಾವುದೇ ಆನ್‌ಲೈನ್ ಸೆಂಟರಿಗೂ ಗೂಗಲ್ ಕಂಪನಿಗೂ ಕಾನೂನಿನ ಲೆಕ್ಕದಲ್ಲಿ ಕುಲ ಒಂದೇ. ಮಾಹಿತಿ ತಂತ್ರಜ್ಞಾನ ಕಾಯ್ದೆ–2000ರ ಎರಡನೇ ಸೆಕ್ಷನ್ ತೆಗೆದು ನೋಡಿ. ‘ಮಧ್ಯವರ್ತಿ’ ಎಂದರೆ ಯಾರು ಎಂದು ಅಲ್ಲಿ ಹೇಳಿದೆ: ಬೇರೊಬ್ಬರ ಪರವಾಗಿ ಎಲೆಕ್ಟ್ರಾನಿಕ್ ದಾಖಲೆಯನ್ನು ಪಡೆಯುವ, ಇಟ್ಟುಕೊಳ್ಳುವ, ಸಾಗಿಸುವ ಯಾರೇ ಆಗಲಿ. ಆಮೇಲೆ ಒಂದು ಪಟ್ಟಿ. ಟೆಲಿಕಾಂ ಕಂಪನಿ, ಇಂಟರ್‌ನೆಟ್ ಪೂರೈಸುವವರು, ವೆಬ್ ಹೋಸ್ಟಿಂಗ್ ಮಾಡುವವರು, ಸರ್ಚ್ ಎಂಜಿನ್, ಆನ್‌ಲೈನ್ ಪಾವತಿ, ಹರಾಜು, ಸಂತೆ ಎಂದೆಲ್ಲ ಹೇಳಿ ಕೊನೆಯಲ್ಲಿ ಸೈಬರ್ ಕೆಫೆ. ಒಂದು ಕಡೆ ಜಗತ್ತನ್ನೇ ಆಳುವ ಕಂಪನಿ, ಇನ್ನೊಂದು ಕಡೆ ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಲ್ಯಾಮಿನೇಷನ್ ಮಾಡುವ ಒಬ್ಬ ಹುಡುಗ. ಇಬ್ಬರನ್ನೂ ಕಾಯ್ದೆ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಊಟ ಮಾತ್ರ ಬೇರೆ ಬೇರೆ. ಗೂಗಲ್ ಬಳಿ ವಕೀಲರ ಪಡೆಯೇ ಇದೆ. ಈ ಹುಡುಗನ ಬಳಿ ಇರುವುದು ಒಂದು ರಿಜಿಸ್ಟರ್, ಅದೂ ಇದ್ದರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳು ಎಂದು ಕರೆಸಿಕೊಳ್ಳುತ್ತಿದ್ದ ಇವು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಸಂವಿಧಾನದ 371(ಜೆ) ವಿಧಿಯ ಸವಲತ್ತಿಗಾಗಿ ಹೋರಾಡಿ ಬಳ್ಳಾರಿಗೆ ಮರಳಿ, ಅಲ್ಲಿಂದ ಮತ್ತೆ ಹೊಸ ಜಿಲ್ಲೆಗೆ ಬಂದು ನಿಂತಿದೆ. ಊರು ಜಿಲ್ಲೆ ಬದಲಿಸಿದಾಗಲೆಲ್ಲ ಜನ ಕಾಗದಪತ್ರ ಹಿಡಿದು ಓಡುವುದು ಈ ಆನ್‌ಲೈನ್ ಸೆಂಟರುಗಳಿಗೇ. ಜಾತಿ–ಆದಾಯ ಪ್ರಮಾಣಪತ್ರ, ಪಹಣಿ, 371(ಜೆ) ಅರ್ಹತಾ ಪತ್ರ, ವಿದ್ಯಾರ್ಥಿವೇತನದ ಅರ್ಜಿ, ರೈಲು ಟಿಕೆಟ್ಟು ಎಲ್ಲವೂ ಅಲ್ಲೇ. ಬೆರಳಚ್ಚು ಯಂತ್ರದ ಮೇಲೆ ಮುದುಕರೊಬ್ಬರು ಹೆಬ್ಬೆಟ್ಟು ಒತ್ತುತ್ತಾರೆ. ಹೊಲದ ಕೆಲಸಕ್ಕೆ ಸವೆದ ಬೆರಳು, ಯಂತ್ರ ಒಪ್ಪುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ. “ಓಟಿಪಿ ಬಂತೇನ್ ನೋಡಜ್ಜ” ಎಂದು ಹುಡುಗ ಅವರ ಮೊಬೈಲನ್ನು ತಾನೇ ಕೈಗೆ ತೆಗೆದುಕೊಂಡು ನೋಡುತ್ತಾನೆ. ಹೀಗೆ ದಿನಕ್ಕೆ ಎಷ್ಟೋ ಮಂದಿಯ ಹೆಸರು, ಆಧಾರ್, ಬ್ಯಾಂಕ್ ಖಾತೆ ಒಂದೇ ಕಂಪ್ಯೂಟರ್, ಒಂದೇ ಐಪಿ ವಿಳಾಸದಿಂದ ಹೊರಗೆ ಹೋಗುತ್ತವೆ. ಆ ವಿಳಾಸದಿಂದ ಒಂದು ಕೆಟ್ಟ ಸಂದೇಶವೂ ಹೋಯಿತು ಎಂದುಕೊಳ್ಳಿ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಯಾರದ್ದು?

ಈ ಪ್ರಶ್ನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾದದ್ದು ಬೆಂಗಳೂರಿನಲ್ಲಿ, 2001ರಲ್ಲಿ. ಸೈಬರ್ ಕೆಫೆಗೆ ಬಂದವರ ಗುರುತು ಬರೆದಿಡಬೇಕೆಂದು ಕರ್ನಾಟಕ 2004ರಲ್ಲೇ ನಿಯಮ ಮಾಡಿತ್ತು. ಕೇಂದ್ರದ ಸೈಬರ್ ಕೆಫೆ ನಿಯಮಗಳು ಬಂದದ್ದು 2011ರ ಏಪ್ರಿಲ್‌ನಲ್ಲಿ. ಅವನ್ನು ಓದುವುದೇ ಒಂದು ಸೊಗಸು. ಗಿರಾಕಿಯ ಗುರುತಿನ ಚೀಟಿ ನೋಡಬೇಕು, ಬಂದ ಹೊತ್ತು ಹೋದ ಹೊತ್ತು ಬರೆಯಬೇಕು, ಆ ಲೆಕ್ಕವನ್ನು ಒಂದು ವರ್ಷ ಇಡಬೇಕು, ಪ್ರತಿ ತಿಂಗಳು 5ನೇ ತಾರೀಕಿನೊಳಗೆ ವರದಿ ಕಳಿಸಬೇಕು. ಕ್ಯಾಬಿನ್ ಕಟ್ಟಿದರೆ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. ಕ್ಯಾಬಿನ್ ಇಲ್ಲದಿದ್ದರೆ ಪರದೆಗಳು ಎಲ್ಲರಿಗೂ ಕಾಣುವ ಹಾಗೆ ಹೊರಮುಖ ಮಾಡಿರಬೇಕು. ಗಾರೆ ಮೇಸ್ತ್ರಿಗೆ ಅಳತೆ ಕೊಡುವ ಕಾನೂನು ನಮ್ಮಲ್ಲಿ ಇನ್ನೆಷ್ಟಿವೆಯೋ!

ನಿಯಮ ಬರುವ ಹೊತ್ತಿಗೆ ಆ ಬಗೆಯ ಕೆಫೆಗಳೇ ಕಣ್ಮರೆಯಾಗತೊಡಗಿದವು. ಗಂಟೆಗೆ ಇಷ್ಟು ಎಂದು ಕೊಟ್ಟು ಕೂರುತ್ತಿದ್ದ ಹುಡುಗರ ಕೈಗೆ ಸ್ಮಾರ್ಟ್‌ಫೋನ್ ಬಂತು. ಕೆಫೆಗಳು ಆನ್‌ಲೈನ್ ಸೆಂಟರುಗಳಾದವು. ಈಗ ಗಿರಾಕಿ ಕಂಪ್ಯೂಟರ್ ಮುಟ್ಟುವುದೇ ಇಲ್ಲ. ಅವನ ಪರವಾಗಿ ಅಂಗಡಿಯವನೇ ಟೈಪ್ ಮಾಡುತ್ತಾನೆ. 2011ರ ನಿಯಮ ಬರೆದವರು ಇದನ್ನು ಊಹಿಸಿರಲಿಲ್ಲ. ‘ಬಳಕೆದಾರ’ ಯಾರು? ಅರ್ಜಿ ಕೊಟ್ಟ ಅಜ್ಜನೋ, ಟೈಪಿಸಿದ ಹುಡುಗನೋ?

ಕೇಬಲ್ ಅಣ್ಣಂದಿರ ಕಥೆಯೂ ಇದೇ ಜಾಡಿನದು. ಟಿ.ವಿ. ಕೇಬಲ್ ಎಳೆದವರೇ ಈಗ ವಿದ್ಯುತ್ ಕಂಬದಿಂದ ಕಂಬಕ್ಕೆ ಫೈಬರ್ ಎಳೆದು ಮನೆಮನೆಗೆ ರೂಟರ್ ಹಚ್ಚುತ್ತಿದ್ದಾರೆ. ಲೈಸೆನ್ಸ್ ಇರುವುದು ಮೇಲಿನ ಕಂಪನಿಯ ಹೆಸರಿನಲ್ಲಿ, ಇವರು ಅದರ ಫ್ರಾಂಚೈಸಿ. ಒಂದು ಸಂಪರ್ಕ ಅಣ್ಣನ ಹೆಸರಿನಲ್ಲಿ, ಬಳಸುವುದು ತಮ್ಮ, ಪಾಸ್‌ವರ್ಡ್ ಪಕ್ಕದ ಮನೆಯ ಹುಡುಗನಿಗೂ ಗೊತ್ತು. ನಮ್ಮ ಕಡೆ ವೈಫೈ ಕೇಳಿದವರಿಗೆ ಇಲ್ಲ ಎನ್ನುವುದು ನೀರು ಕೇಳಿದವರಿಗೆ ಇಲ್ಲ ಎಂದಷ್ಟೇ ಸಂಕೋಚದ ಮಾತು. ಆದರೆ ಕಂಪನಿಯ ದಾಖಲೆಯಲ್ಲಿ ಇರುವುದು ಅಣ್ಣನ ಹೆಸರು ಒಂದೇ.

ಹೀಗೆ ದಾಖಲೆಯನ್ನು ನಂಬಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಒಂದು ಪ್ರಕರಣವಿದೆ. ಅದನ್ನು ನಾವು ಮರೆತೇಬಿಟ್ಟಿದ್ದೇವೆ. 2007ರಲ್ಲಿ ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರವೊಂದು ಕಾಣಿಸಿಕೊಂಡಿತು. ಪುಣೆ ಪೊಲೀಸರು ಐಪಿ ವಿಳಾಸ ಹಿಡಿದು, ಅದು ಯಾರದ್ದು ಎಂದು ಏರ್‌ಟೆಲ್ ಅನ್ನು ಕೇಳಿದರು. ಕಂಪನಿ ಕೊಟ್ಟ ಹೆಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯದು. ಆಗಸ್ಟ್ ಕೊನೆಯಲ್ಲಿ ಅವರನ್ನು ಮನೆಯಿಂದ ಕರೆದೊಯ್ದು ಯೆರವಾಡ ಜೈಲಿಗೆ ಹಾಕಲಾಯಿತು. ಐವತ್ತು ದಿನ ಅಲ್ಲಿದ್ದರು. ಕಂಪನಿ ಕೊಟ್ಟ ವಿವರವೇ ತಪ್ಪಾಗಿತ್ತು. ಆ ಹೊತ್ತಿನಲ್ಲಿ ಆ ವಿಳಾಸ ಇದ್ದದ್ದು ಬೇರೆಯವರ ಬಳಿ. ಮಹಾರಾಷ್ಟ್ರದ ಮಾನವ ಹಕ್ಕುಗಳ ಆಯೋಗ ಮುಂದೆ ಕಂಪನಿ 2 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ಐವತ್ತು ದಿನಕ್ಕೆ ಎರಡು ಲಕ್ಷ, ಅಂದರೆ ದಿನಕ್ಕೆ ನಾಲ್ಕು ಸಾವಿರ.

ಬೆಂಗಳೂರಿನಲ್ಲಿದ್ದ, ಇಂಗ್ಲಿಷ್ ಬಲ್ಲ, ಐಪಿ ವಿಳಾಸ ಎಂದರೇನೆಂದು ಗೊತ್ತಿದ್ದ ಎಂಜಿನಿಯರಿಗೆ ಈ ಗತಿ. ಹಗರಿಬೊಮ್ಮನಹಳ್ಳಿಯ ಹುಡುಗನಿಗೆ ಇಂಥದು ಬಂದರೆ ‘ಸ್ವಾಮಿ, ಆ ಹೊತ್ತಿಗೆ ಆ ವಿಳಾಸ ನನ್ನದಲ್ಲ’ ಎಂದು ಅವನ ಪರ ಹೇಳುವವರು ಯಾರು? ಇವತ್ತು ತಪ್ಪಾಗುವ ದಾರಿಗಳು ಅಂದಿಗಿಂತ ಹೆಚ್ಚಿವೆ. ಐಪಿವಿ4 ವಿಳಾಸಗಳು ಸಾಲದ್ದರಿಂದ ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುತ್ತವೆ. ಆಗ ವಿಳಾಸ ಒಂದೇ ಸಾಕಾಗದು, ಪೋರ್ಟ್ ಸಂಖ್ಯೆಯೂ ಕ್ಷಣದ ಲೆಕ್ಕದ ಸಮಯವೂ ಬೇಕು. ವಿದೇಶಿ ಕಂಪನಿಗಳು ಸಮಯ ಕೊಡುವುದು ಬಹುಮಟ್ಟಿಗೆ ಜಾಗತಿಕ ಗಡಿಯಾರದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ಐದೂವರೆ ಗಂಟೆ ಕೂಡಿಸಲು ಮರೆತರೆ ರಾತ್ರಿ ಹತ್ತರ ಪಾಪ ಸಂಜೆ ನಾಲ್ಕೂವರೆಗೆ ವಿಳಾಸ ಹಿಡಿದಿದ್ದವನ ತಲೆಗೆ ಬರುತ್ತದೆ.

ಕಾನೂನು ಮಾತ್ರ ದಾಖಲೆ ಹೆಚ್ಚಿದಷ್ಟೂ ಸತ್ಯ ಹೆಚ್ಚುತ್ತದೆ ಎಂದೇ ನಂಬಿಕೊಂಡು ಬಂದಿದೆ. ಇಂಟರ್‌ನೆಟ್ ಕಂಪನಿಗಳು ಒಂದು ವರ್ಷ ಇಡಬೇಕಾಗಿದ್ದ ದಾಖಲೆಯನ್ನು 2021ರ ಡಿಸೆಂಬರ್‌ನಿಂದ ಎರಡು ವರ್ಷ ಇಡಬೇಕಾಗಿದೆ. ಗುಪ್ತಲಿಪಿ ಬಿಡಿಸಲು ಸರ್ಕಾರಕ್ಕೆ ನೆರವಾಗದಿದ್ದರೆ 69ನೇ ಸೆಕ್ಷನ್ನಿನಡಿ ಏಳು ವರ್ಷದವರೆಗೆ ಜೈಲು. ಇಡಬೇಕಾದ ದಾಖಲೆ ಇಡದಿದ್ದರೆ 67(ಸಿ) ಅಡಿ 2023ರವರೆಗೆ ಮೂರು ವರ್ಷದವರೆಗೆ ಜೈಲಿತ್ತು, ಈಗ 25 ಲಕ್ಷ ರೂಪಾಯಿವರೆಗೆ ದಂಡ. ದಾಖಲೆ ಇಡದವನಿಗೆ ದಂಡವಿದೆ. ತಪ್ಪು ದಾಖಲೆ ಕೊಟ್ಟು ಒಬ್ಬರನ್ನು ಜೈಲಿಗೆ ಕಳಿಸಿದವರಿಗೆ ಇಷ್ಟೇ ಖಚಿತವಾದ, ಇಷ್ಟೇ ಕಠಿಣವಾದ ಕಲಮು ಈ ಕಾಯ್ದೆಯಲ್ಲಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಪೂರೈಕೆದಾರರಿಗೆ ಈಗಿರುವ ರಕ್ಷಣೆ ಹೇಗೆ ಬಂತು ಎಂಬುದನ್ನೂ ನೋಡಬೇಕು. 2000ದ ಮೂಲ ಕಾಯ್ದೆಯಲ್ಲಿ, ತನಗೆ ಗೊತ್ತಿಲ್ಲದೆ ಅಪರಾಧ ನಡೆಯಿತು ಅಥವಾ ತಾನು ಎಲ್ಲ ಎಚ್ಚರ ವಹಿಸಿದ್ದೆ ಎಂದು ಪೂರೈಕೆದಾರನೇ ಸಾಬೀತು ಮಾಡಬೇಕಿತ್ತು. 2004ರ ಡಿಸೆಂಬರ್‌ನಲ್ಲಿ ದೆಹಲಿ ಪೊಲೀಸರು ಬಾಜೀ ಡಾಟ್ ಕಾಮ್‌ನ ಮುಖ್ಯಸ್ಥ ಅವನೀಶ್ ಬಜಾಜ್ ಅವರನ್ನು ಬಂಧಿಸಿದರು. ಶಾಲಾ ಮಕ್ಕಳ ಅಶ್ಲೀಲ ವಿಡಿಯೊವನ್ನು ಆ ತಾಣದಲ್ಲಿ ಮಾರಾಟಕ್ಕಿಟ್ಟವನು ಬೇರೆಯೇ ಒಬ್ಬ ವಿದ್ಯಾರ್ಥಿ. ಸಂತೆಯಲ್ಲಿ ಯಾರೋ ಕೆಟ್ಟ ಮಾಲು ಮಾರಿದ್ದಕ್ಕೆ ಸಂತೆ ಗುತ್ತಿಗೆದಾರನನ್ನು ಹಿಡಿದರು ಎಂದು ಉದ್ಯಮ ಗಲಾಟೆ ಎಬ್ಬಿಸಿತು. 2008ರ ತಿದ್ದುಪಡಿ 79ನೇ ಸೆಕ್ಷನ್ನನ್ನು ಹೊಸದಾಗಿ ಬರೆಯಿತು. 2009ರ ಅಕ್ಟೋಬರ್ 27ರಿಂದ ಅದು ಜಾರಿಯಲ್ಲಿದೆ. ಸಂದೇಶ ಶುರು ಮಾಡಿದವನು ನೀನಲ್ಲ, ಯಾರಿಗೆ ಹೋಗಬೇಕೆಂದು ಆರಿಸಿದವನು ನೀನಲ್ಲ, ಒಳಗಿನ ಅಕ್ಷರ ತಿದ್ದಿದವನೂ ನೀನಲ್ಲ ಎಂದಾದರೆ ನೀನು ಹೊಣೆಯಲ್ಲ. ಆದರೆ ಸರ್ಕಾರ ಹೇಳಿದ ಎಚ್ಚರಿಕೆಗಳನ್ನು ಪಾಲಿಸಿರಬೇಕು. ಈ ‘ಆದರೆ’ಯಲ್ಲೇ ರಿಜಿಸ್ಟರ್ ಇದೆ, ಗುರುತಿನ ಚೀಟಿ ಇದೆ, ನಾಲ್ಕೂವರೆ ಅಡಿ ಗೋಡೆಯೂ ಇದೆ.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಣ್ಣ ಬದಲಾವಣೆಯೂ ಆಯಿತು. ಮೊದಲು ಈ ಕಾಯ್ದೆಯ ಪ್ರಕರಣಗಳನ್ನು ಡಿವೈಎಸ್ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿರಲಿಲ್ಲ. ಈಗ ಇನ್‌ಸ್ಪೆಕ್ಟರ್ ಸಾಕು. ಆದರೂ ಹಳ್ಳಿ ಠಾಣೆಯ ಪಿಎಸ್ಐ ಇದನ್ನು ಮುಟ್ಟುವಂತಿಲ್ಲ.

ತೆರೆದ ವೈಫೈ ಎಂದರೆ ಸರ್ಕಾರ ಹೆದರುವುದಕ್ಕೂ ಒಂದು ತಾರೀಕಿದೆ. 2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಸ್ಫೋಟವಾಗುವ ಕೆಲವೇ ನಿಮಿಷ ಮೊದಲು ಟಿ.ವಿ. ವಾಹಿನಿಗಳಿಗೆ ಇಮೇಲ್ ಬಂತು. ಐಪಿ ಜಾಡು ಹಿಡಿದು ಹೋದರೆ ನವಿ ಮುಂಬೈಯ ಅಮೆರಿಕನ್ ಪ್ರಜೆಯೊಬ್ಬನ ಮನೆ. ಪಾಸ್‌ವರ್ಡ್ ಇಲ್ಲದ ಅವನ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಬಳಸುವ ಪ್ರತಿಯೊಬ್ಬರ ಗುರುತು ದಾಖಲಾಗಬೇಕೆಂದು ಸೂಚನೆ ಹೊರಡಿಸಿತು. ರೈಲು ನಿಲ್ದಾಣದಲ್ಲಿ ಉಚಿತ ವೈಫೈಗೆ ಮೊದಲು ಓಟಿಪಿ ಕೇಳುವುದು ಈ ಕಾರಣಕ್ಕೇ.

ಹನ್ನೊಂದು ವರ್ಷದ ಮೇಲೆ, 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ‘ಪಿಎಂ–ವಾಣಿ’ಗೆ ಒಪ್ಪಿಗೆ ಕೊಟ್ಟಿತು. ಚಹಾ ಅಂಗಡಿ, ಕಿರಾಣಿ ಅಂಗಡಿ ಯಾರು ಬೇಕಾದರೂ ಸಾರ್ವಜನಿಕ ವೈಫೈ ಮಾರಬಹುದು, ಲೈಸೆನ್ಸ್ ಬೇಡ, ನೋಂದಣಿ ಬೇಡ, ಶುಲ್ಕ ಬೇಡ. ಇಲ್ಲಿ ಮಾತ್ರ ಸರ್ಕಾರ ಜಾಣತನ ತೋರಿದೆ ಎನ್ನಬೇಕು. ಬಳಕೆದಾರರ ಗುರುತು, ದಾಖಲೆಯ ಭಾರವನ್ನು ಅಂಗಡಿಯವನ ಮೇಲೆ ಹೊರಿಸದೆ, ಮೇಲಿನ ಹಂತದ ಸಂಸ್ಥೆಗೆ ಹೊರಿಸಿದೆ. ಬಡ ಅಂಗಡಿಯವನಿಂದ ಆಗದ ಕೆಲಸವನ್ನು ಅವನಿಂದ ಕೇಳಿಲ್ಲ. ಆನ್‌ಲೈನ್ ಸೆಂಟರಿನವನಿಗೂ ಇದೇ ನ್ಯಾಯ ಯಾಕಿಲ್ಲ?

ಇನ್ನು ಗುರುತನ್ನೇ ಬೇಕೆಂದು ಅಳಿಸುವವರ ಮಾತು. ಹಳ್ಳಿಯಲ್ಲಿ ಮೂಗರ್ಜಿ ಬರೆಯುವವನು ಏನು ಮಾಡುತ್ತಾನೆ? ಎಡಗೈಯಲ್ಲಿ ಬರೆಯುತ್ತಾನೆ ಅಥವಾ ಟೈಪ್ ಮಾಡಿಸುತ್ತಾನೆ, ಕೂಡ್ಲಿಗಿ ಅಂಚೆ ಮೊಹರು ಬೀಳದಿರಲೆಂದು ಹೊಸಪೇಟೆಗೆ ಹೋದಾಗ ಅಲ್ಲಿನ ಡಬ್ಬಿಗೆ ಹಾಕುತ್ತಾನೆ. ಟಾರ್ ಎಂಬ ಜಾಲ ಮಾಡುವುದೂ ಇದನ್ನೇ. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ಈ ತಂತ್ರವನ್ನು ಈಗ ಲಾಭದಾಸೆ ಇಲ್ಲದ ಟಾರ್ ಪ್ರಾಜೆಕ್ಟ್ ಸಂಸ್ಥೆ ನೋಡಿಕೊಳ್ಳುತ್ತದೆ. ಸಂದೇಶವನ್ನು ಲಕೋಟೆಯೊಳಗೆ ಲಕೋಟೆ ಹಾಕಿ ಮೂರು ಕಡೆ ಸಾಗಿಸುತ್ತಾರೆ. ಮೊದಲಿನವನಿಗೆ ಕಳಿಸಿದವನು ಗೊತ್ತು, ಎಲ್ಲಿಗೆ ಎಂದು ಗೊತ್ತಿಲ್ಲ. ಕೊನೆಯವನಿಗೆ ಎಲ್ಲಿಗೆ ಎಂದು ಗೊತ್ತು, ಯಾರಿಂದ ಎಂದು ಗೊತ್ತಿಲ್ಲ. ನಡುವಿನವನಿಗೆ ಎರಡೂ ಗೊತ್ತಿಲ್ಲ. ಜಗತ್ತಿನಾದ್ಯಂತ ಸಾವಿರಾರು ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಹೀಗೆ ಸಾಗಣೆಗೆ ಕೊಟ್ಟಿದ್ದಾರೆ. ಹೊರಗಿನವರಿಗೆ ಕಾಣುವುದು ಕೊನೆಯವನ ವಿಳಾಸ ಒಂದೇ. ಹೊಸಪೇಟೆಯ ಅಂಚೆ ಮೊಹರು ಇದ್ದ ಹಾಗೆ. ಆದ್ದರಿಂದ ಪೊಲೀಸರು ಹುಡುಕಿಕೊಂಡು ಬರುವುದೂ ಅವನ ಮನೆಗೇ.

1898ರ ಅಂಚೆ ಕಾಯ್ದೆ ಅಶ್ಲೀಲ ವಸ್ತುವನ್ನು ಅಂಚೆಯಲ್ಲಿ ಕಳಿಸುವುದನ್ನು ಅಪರಾಧ ಎಂದಿತ್ತು. ಹೊಣೆ ಕಳಿಸಿದವನ ಮೇಲೆ. ಮನೆಬಾಗಿಲಿಗೆ ತಂದುಕೊಟ್ಟ ಅಂಚೆಯಣ್ಣನ ಮೇಲೆ ಯಾರೂ ದೂರು ಕೊಡಲಿಲ್ಲ. ಆದರೆ ಅವನು ಸರ್ಕಾರದ ಚೀಲ ಹೊತ್ತವನು. ತಾನಾಗಿಯೇ ಚೀಲ ಹೊತ್ತವನ ಗತಿ ಬೇರೆ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಟಾರ್‌ನ ಕೊನೆಯ ಕೊಂಡಿ ನಡೆಸುತ್ತಿದ್ದ ಯುವಕನ ಮನೆ ಮೇಲೆ 2012ರಲ್ಲಿ ದಾಳಿಯಾಯಿತು. ಬೇರಾರೋ ಆ ದಾರಿಯಲ್ಲಿ ಮಕ್ಕಳ ಅಶ್ಲೀಲ ಚಿತ್ರ ಸಾಗಿಸಿದ್ದರು. 2014ರಲ್ಲಿ ಅಲ್ಲಿನ ನ್ಯಾಯಾಲಯ ಯುವಕನನ್ನು ತಪ್ಪಿತಸ್ಥ ಎಂದಿತು, ಶಿಕ್ಷೆಯನ್ನು ಮಾತ್ರ ಅಮಾನತಿನಲ್ಲಿಟ್ಟಿತು. ಮಾಸ್ಕೊದಲ್ಲಿ 2017ರ ಏಪ್ರಿಲ್‌ನಲ್ಲಿ ಬಂಧಿತನಾದ ಗಣಿತ ಮೇಷ್ಟ್ರ ಕಥೆಯೂ ಇಂಥದೇ. ಅವರ ವಿಳಾಸದಿಂದ ದಂಗೆಗೆ ಕರೆ ಹೋಗಿತ್ತು, ಬರೆದವರು ಅವರಲ್ಲ. ಮರುವರ್ಷ ಆರೋಪ ಕೈಬಿಟ್ಟರು.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಲೆಬನಾನ್ ಎಂಬ ಸಣ್ಣ ಊರಿನ ಗ್ರಂಥಾಲಯವೊಂದು 2015ರಲ್ಲಿ ತನ್ನ ಕಂಪ್ಯೂಟರನ್ನು ಟಾರ್ ಸಾಗಣೆಗೆ ಕೊಟ್ಟಿತು. ಒಕ್ಕೂಟ ಸರ್ಕಾರದ ಭದ್ರತಾ ಇಲಾಖೆಯಿಂದ ಪೊಲೀಸರಿಗೆ ಸುಳಿವು ಬಂತು, ಪೊಲೀಸರು ಬಂದು ಮಾತಾಡಿದರು, ಗ್ರಂಥಾಲಯ ನಿಲ್ಲಿಸಿತು. ಸೆಪ್ಟೆಂಬರ್‌ನಲ್ಲಿ ಊರಿನವರು ಸಭೆಗೆ ಬಂದು ಕೂತರು, ಆಡಳಿತ ಮಂಡಳಿ ಮತ್ತೆ ಶುರು ಮಾಡಲು ತೀರ್ಮಾನಿಸಿತು. ಊರ ಸಭೆಯಲ್ಲಿ ಇಂಥದು ಚರ್ಚೆಯಾಗಿ ತೀರ್ಮಾನವಾಯಿತಲ್ಲ ಎಂಬುದು ನನಗೆ ತೀರ್ಮಾನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಯುರೋಪಿನ ಇನ್ನೊಂದು ಮೊಕದ್ದಮೆ ನಮ್ಮ ಅಂಗಡಿಗಳಿಗೆ ಹತ್ತಿರದ್ದು. ಮ್ಯೂನಿಕ್ ಬಳಿ ದೀಪ, ಧ್ವನಿವರ್ಧಕ ಬಾಡಿಗೆಗೆ ಕೊಡುವ ಅಂಗಡಿಯವನೊಬ್ಬ ಗಿರಾಕಿಗಳಿಗೆಂದು ವೈಫೈ ತೆರೆದಿಟ್ಟಿದ್ದ. ಯಾರೋ ಅದರಲ್ಲಿ ಹಾಡು ಕದ್ದರು, ಸೋನಿ ಕಂಪನಿ ಅವನ ಮೇಲೆ ಬಿತ್ತು. 2016ರ ಸೆಪ್ಟೆಂಬರ್ 15ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿತು: ಅವನು ಬರೀ ಸಾಗಿಸಿದವನು, ನಷ್ಟ ಕಟ್ಟಿಕೊಡಬೇಕಿಲ್ಲ, ಆದರೆ ಪಾಸ್‌ವರ್ಡ್ ಹಾಕಿ ಗುರುತು ಕೇಳು ಎಂದು ಕೋರ್ಟು ಆದೇಶಿಸಬಹುದು. ಜರ್ಮನಿಯ ಸುಪ್ರೀಂ ಕೋರ್ಟು 2018ರ ಜುಲೈನಲ್ಲಿ ಟಾರ್ ಕೊಂಡಿ ನಡೆಸುತ್ತಿದ್ದವನ ಮೊಕದ್ದಮೆಯಲ್ಲೂ ಸುಮಾರು ಇದೇ ದಾರಿ ಹಿಡಿಯಿತು. ದಂಡ ಬೇಡ, ಬೇಕಿದ್ದರೆ ತಡೆ ಹಾಕಿಸಿ ಎಂದು.

ನಮ್ಮಲ್ಲಿ? ಟಾರ್ ಬಳಸಬಾರದು, ನಡೆಸಬಾರದು ಎಂದು ಯಾವ ಕಾಯ್ದೆಯೂ ಹೆಸರು ಹಿಡಿದು ಹೇಳಿಲ್ಲ. ಬೇರೊಬ್ಬರ ಪರವಾಗಿ ದಾಖಲೆ ಸಾಗಿಸುವವನಾದ್ದರಿಂದ ಕೊಂಡಿ ನಡೆಸುವವನೂ ಮಧ್ಯವರ್ತಿಯೇ ಎಂದು ವಾದಿಸಬಹುದು. 79ರ ಮೊದಲ ಷರತ್ತುಗಳನ್ನು ಅವನು ಗೂಗಲ್‌ಗಿಂತ ಚೆನ್ನಾಗಿ ಪೂರೈಸುತ್ತಾನೆ: ಶುರು ಮಾಡಲಿಲ್ಲ, ಆರಿಸಲಿಲ್ಲ, ತಿದ್ದಲಿಲ್ಲ. ಎಡವುವುದು ‘ಆದರೆ’ಯಲ್ಲಿ. ರಿಜಿಸ್ಟರ್ ಇಡದಿರುವುದೇ ಅವನ ಕಸುಬು. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್–ಇನ್ ಹೊರಡಿಸಿದ ನಿರ್ದೇಶನ ಈ ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿತು. ಗಿರಾಕಿಯ ಐಪಿ ವಿಳಾಸ ಮರೆಮಾಡುವ ವಿಪಿಎನ್ ಸೇವೆ ಕೊಡುವವರು ಅವನ ಹೆಸರು, ವಿಳಾಸ, ಫೋನು, ಕೊಟ್ಟ ಐಪಿ, ಸೇವೆ ಪಡೆಯುವ ಉದ್ದೇಶ ಎಲ್ಲವನ್ನೂ ಐದು ವರ್ಷ ಇಡಬೇಕು. ಸಾಮಾನ್ಯ ಬಳಕೆದಾರರಿಗೆ ಪ್ರಾಕ್ಸಿಯಂಥ ಸೇವೆ ಕೊಡುವವರು ವಿಪಿಎನ್ ಪೂರೈಕೆದಾರರೇ ಎಂದು ಆಮೇಲಿನ ವಿವರಣೆ ಹೇಳಿತು. ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್ ತಮ್ಮ ಸರ್ವರುಗಳನ್ನು ಭಾರತದಿಂದ ಎತ್ತಿಕೊಂಡು ಹೋದವು. ಸಿಂಗಪುರದಲ್ಲೋ ಇನ್ನೆಲ್ಲೋ ಕೂತು ಭಾರತದ ವಿಳಾಸ ಕೊಡುವುದು ಅವಕ್ಕೆ ಕಷ್ಟವಲ್ಲ. ಸಿಕ್ಕಿಬೀಳುವವನು ಮನೆಯಲ್ಲೇ ಒಂದು ಯಂತ್ರ ಇಟ್ಟುಕೊಂಡ ಸ್ವಯಂಸೇವಕ.

ಅನಾಮಿಕತೆಯ ಹೊಲಸು ಮುಖವನ್ನು ಕರ್ನಾಟಕ ಚೆನ್ನಾಗಿಯೇ ಕಂಡಿದೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ತಂದೆತಾಯಿಗಳು ಮಕ್ಕಳನ್ನು ಕರೆತರಲು ಓಡಿದ ಚಿತ್ರ ಇನ್ನೂ ಹಸಿಯಾಗಿದೆ. ಕಂಪನಿಯೊಂದರ ಮಹಿಳಾ ಉದ್ಯೋಗಿಗಳ ಬಗ್ಗೆ ಪ್ರೋಟಾನ್ ಮೇಲ್ ಮೂಲಕ ಅಶ್ಲೀಲ ಪತ್ರ, ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರ ಕಳಿಸಿದ ಪ್ರಕರಣದಲ್ಲಿ 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ಸೇವೆಯನ್ನೇ ನಿರ್ಬಂಧಿಸಲು ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೆ ಹೇಳಿದರು. ನೊಂದ ಹೆಣ್ಣುಮಕ್ಕಳ ಜಾಗದಲ್ಲಿ ನಿಂತು ನೋಡಿದರೆ ಆ ಆದೇಶ ಅರ್ಥವಾಗುತ್ತದೆ. ಆದರೆ ಒಬ್ಬ ಕಿಡಿಗೇಡಿಗಾಗಿ ಇಡೀ ಅಂಚೆ ಕಚೇರಿ ಮುಚ್ಚಿಸುವುದು ನನಗೆ ಒಪ್ಪಿತವಲ್ಲ. ಸ್ವಿಟ್ಜರ್ಲೆಂಡಿನ ಇದೇ ಸಂಸ್ಥೆ ಅಲ್ಲಿನ ಸರ್ಕಾರದ ಆದೇಶಕ್ಕೆ ತಲೆಬಾಗಿ ಫ್ರೆಂಚ್ ಪರಿಸರ ಹೋರಾಟಗಾರನೊಬ್ಬನ ಐಪಿ ವಿಳಾಸ ಕೊಟ್ಟದ್ದು 2021ರಲ್ಲಿ ಬಯಲಾಗಿತ್ತು. ದಾರಿ ಇಲ್ಲವೆಂದಲ್ಲ, ದಾರಿ ಉದ್ದ.

ಇದೇ ಹೈಕೋರ್ಟಿನ ಇನ್ನೆರಡು ತೀರ್ಪುಗಳು ದೇಶದ ಗಮನ ಸೆಳೆದವು. ಖಾತೆಗಳನ್ನು ಮುಚ್ಚುವ ಆದೇಶ ಪ್ರಶ್ನಿಸಿದ ಟ್ವಿಟರ್ ಕಂಪನಿಗೆ 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀ‌ಕ್ಷಿತ್ 50 ಲಕ್ಷ ರೂಪಾಯಿ ದಂಡ ಹಾಕಿದರು. ಬರಹ ತೆಗೆಯುವಂತೆ ನೋಟಿಸು ಕಳಿಸಲು ಸರ್ಕಾರ ಮಾಡಿದ ‘ಸಹಯೋಗ್’ ಪೋರ್ಟಲ್ ವಿರುದ್ಧ ಅದೇ ಕಂಪನಿ, ಈಗಿನ ಎಕ್ಸ್, ತಂದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ನಾಗಪ್ರಸನ್ನ ವಜಾ ಮಾಡಿದರು. 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನ್ ಬರಹಕ್ಕೆ ಜೈಲು ವಿಧಿಸುತ್ತಿದ್ದ 66(ಎ) ಸೆಕ್ಷನ್ನನ್ನು ಕಿತ್ತುಹಾಕಿದ್ದಷ್ಟೇ ಅಲ್ಲ, ಕೋರ್ಟಿನ ಆದೇಶವೋ ಸರ್ಕಾರದ ಅಧಿಸೂಚನೆಯೋ ಬಂದ ಮೇಲೆಯೇ ಮಧ್ಯವರ್ತಿಗೆ ‘ಗೊತ್ತಿತ್ತು’ ಎನ್ನಬೇಕು ಎಂದಿತ್ತು. ಸಹಯೋಗ್ ಬಂದ ಮೇಲೆ ಅಧಿಕಾರಿಯ ಒಂದು ನೋಟಿಸು ಆ ಜಾಗಕ್ಕೆ ಬಂದು ಕೂತಿತು. ಇಂಥ ನೋಟಿಸನ್ನು ಹಿರಿಯ ಅಧಿಕಾರಿಗಳಷ್ಟೇ ಕೊಡಬೇಕೆಂದು ಕೇಂದ್ರವೇ 2025ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿತು. ಎಕ್ಸ್ ಹೈಕೋರ್ಟಿಗೆ ಹೋಗಿ ಸೋಲಬಲ್ಲದು. ಹಡಗಲಿಯ ಕೇಬಲ್ ಅಣ್ಣ ಸೋಲುವುದಕ್ಕೂ ಹೋಗಲಾರ. ನೋಟಿಸು ಬಂದರೆ ಸಂಪರ್ಕ ಕಿತ್ತು ಸುಮ್ಮನಾಗುತ್ತಾನೆ.

ಹಾಗಾದರೆ ನಮ್ಮ ಊರುಗಳಲ್ಲಿ ಹೆಸರಿಲ್ಲದೆ ಮಾತಾಡುವ ಅಗತ್ಯ ಯಾರಿಗಿದೆ? ಕೇಳುವುದಕ್ಕೆ ಸುಲಭ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆಯೇ ನಿಷೇಧಿಸಿತ್ತು. ಆದರೆ ಹುಣ್ಣಿಮೆಗೆ ಯಾವುದೋ ಮನೆಯಲ್ಲಿ ಹುಡುಗಿಗೆ ಮುತ್ತು ಕಟ್ಟುತ್ತಾರೆಂದು ತಿಳಿದ ಪಕ್ಕದ ಮನೆಯಾಕೆ ಹೆಸರು ಹೇಳಿ ದೂರು ಕೊಟ್ಟು ಅದೇ ಓಣಿಯಲ್ಲಿ ಬಾಳಬಲ್ಲಳೇ? ಮರಳು ಲಾರಿಯ ಬಗ್ಗೆ, ಊರಲ್ಲಿ ಮಾರುವ ಅಕ್ರಮ ಮದ್ಯದ ಬಗ್ಗೆ ಬರೆಯುವವನ ಪಾಡೂ ಅಷ್ಟೇ. ಅಧಿಕಾರದಲ್ಲಿದ್ದವರಿಗೂ ಇದು ಹಗುರದ ಮಾತಲ್ಲ. 2016ರ ಜೂನ್‌ನಲ್ಲಿ ಕೂಡ್ಲಿಗಿಯ ಡಿವೈಎಸ್ಪಿ ಅನುಪಮಾ ಶೆಣೈ ರಾಜೀನಾಮೆ ಕೊಟ್ಟಾಗ ಅವರ ಹೆಸರಿನ ಫೇಸ್‌ಬುಕ್ ಖಾತೆಯ ಬರಹಗಳು ದಿನಗಟ್ಟಲೆ ರಾಜ್ಯದ ಸುದ್ದಿಯಾಗಿದ್ದವು. ಅವನ್ನು ಬರೆದವರು ಯಾರು ಎಂಬುದೇ ಒಂದು ವಿಷಯವಾಗಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಹೇಳಿಸಿದ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎಂಬುದನ್ನೂ ಇಲ್ಲಿ ನೆನೆಯಬೇಕು.

‘ಮೊದಲು ಬರೆದವನು ಯಾರು’ ಎಂದು ಪತ್ತೆ ಹಚ್ಚಿಕೊಡಬೇಕು ಎಂದು 2021ರ ನಿಯಮ ವಾಟ್ಸ್‌ಆ್ಯಪ್‌ನಂಥ ದೊಡ್ಡ ಸಂಸ್ಥೆಗಳಿಗೆ ಹೇಳುತ್ತದೆ. ವಾಟ್ಸ್‌ಆ್ಯಪ್ ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ಈ ನಿಯಮದ ಕಷ್ಟ ತಿಳಿಯಬೇಕಾದರೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ, ಒಂದೇ ಸಾಲು ಕಾರಣಿಕ ನುಡಿದು ಮೇಲಿನಿಂದ ಬೀಳುತ್ತಾನೆ. ಅವನು ನೆಲ ಮುಟ್ಟುವ ಹೊತ್ತಿಗೆ ಸಾಲು ಫೋನುಗಳಲ್ಲಿ ಹೊರಟಾಗಿರುತ್ತದೆ. ಒಬ್ಬರು ಕೇಳಿದ ಹಾಗೆ, ಇನ್ನೊಬ್ಬರು ಬೇಕಾದ ಹಾಗೆ. ಸಂಜೆಯೊಳಗೆ ಅದಕ್ಕೆ ಮಳೆ–ಬೆಳೆಯ ಅರ್ಥ, ಸರ್ಕಾರ ಬೀಳುವ ಅರ್ಥ, ಯಾರೋ ಮುಖ್ಯಮಂತ್ರಿಯಾಗುವ ಅರ್ಥ. ತಿರುಚಿದ ಸಾಲನ್ನು ಮೊದಲು ಟೈಪ್ ಮಾಡಿದವನನ್ನು ಹುಡುಕಬೇಕಾದರೆ ಆ ಹೊತ್ತಿನಲ್ಲಿ ಆ ಬಯಲಲ್ಲಿದ್ದವರೆಲ್ಲರ ಪ್ರತಿಯೊಂದು ಸಂದೇಶಕ್ಕೂ ಮೊದಲೇ ಗುರುತು ಹಚ್ಚಿಟ್ಟಿರಬೇಕು. ಭಕ್ತಿಯಿಂದ ಕಳಿಸಿದವನಿಗೂ, ಕುಚೋದ್ಯಕ್ಕೆ ಕಳಿಸಿದವನಿಗೂ ಒಂದೇ ಮುದ್ರೆ.

ಗಾಳಿಮಾತು ಜೀವ ತೆಗೆಯುತ್ತದೆ ಎಂಬುದೂ ಸುಳ್ಳಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಹೈದರಾಬಾದಿನ ಎಂಜಿನಿಯರೊಬ್ಬರು ಬಲಿಯಾದರು. ಗುಂಪಿನ ಅಡ್ಮಿನ್ ಕೂಡ ಬಂಧಿತರಲ್ಲಿದ್ದ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಐದಕ್ಕೆ ಇಳಿಸಿತು. ಬರೀ ಅಡ್ಮಿನ್ ಎಂಬ ಕಾರಣಕ್ಕೆ ಒಬ್ಬನನ್ನು ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಊರಿನ ಗ್ರೂಪುಗಳ ಅಡ್ಮಿನ್‌ಗಳಿಗೆ ಇದನ್ನು ಯಾರಾದರೂ ಕನ್ನಡದಲ್ಲಿ ಮುದ್ರಿಸಿ ಹಂಚಬೇಕು.

ಆನ್‌ಲೈನ್ ಸೆಂಟರಿನ ಹುಡುಗನಿಗೂ ಒಂದಿಷ್ಟು ಹೇಳುವುದಿದೆ. ಪೊಲೀಸರು ಫೋನಿನಲ್ಲಿ ಕೇಳಿದರೆಂದು ಗಿರಾಕಿಗಳ ವಿವರ ಕೊಡಬಾರದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ನಿನಡಿ ಲಿಖಿತ ನೋಟಿಸು ಕೇಳಬೇಕು. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾವ ಗಡಿಯಾರದ ಪ್ರಕಾರ ಎಂದು ಅದರಲ್ಲೇ ಬರೆಸಿಕೊಳ್ಳಬೇಕು. ಆಧಾರ್ ಪ್ರತಿಗಳನ್ನು ರದ್ದಿ ಕಾಗದದ ಜೊತೆ ಪೇರಿಸಿಡುವ ಅಭ್ಯಾಸ ಬಿಡಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ, ಹಂತಹಂತವಾಗಿ ಜಾರಿಯಾಗುತ್ತಿವೆ. ಇನ್ನು, ಕಂಪ್ಯೂಟರಿನಿಂದ ತೆಗೆದುಕೊಟ್ಟ ಯಾವ ದಾಖಲೆಯೂ ಸುಮ್ಮನೆ ಕೋರ್ಟಿಗೆ ಹೋಗದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಜೊತೆಗಿರಬೇಕು. ಯಂತ್ರ ಯಾವುದು, ಅದು ಸರಿಯಾಗಿ ನಡೆಯುತ್ತಿತ್ತೇ, ಕಡತದ ಹ್ಯಾಶ್ ಸಂಖ್ಯೆ ಎಷ್ಟು ಎಂದು ಬರೆದು, ತನ್ನ ಅರಿವಿನ ಮಟ್ಟಿಗೆ ಇದು ನಿಜ ಎಂದು ಕೆಳಗೆ ರುಜು ಹಾಕಬೇಕು. ರುಜು ಹಾಕುವವರಲ್ಲಿ ಒಬ್ಬ ಆ ಯಂತ್ರದ ಉಸ್ತುವಾರಿ ಇರುವವನು. ದೊಡ್ಡ ಕಂಪನಿಯಲ್ಲಾದರೆ ಅದಕ್ಕೊಬ್ಬ ನೋಡಲ್ ಅಧಿಕಾರಿ, ಕೊಟ್ಟೂರಿನಲ್ಲಾದರೆ ಲ್ಯಾಮಿನೇಷನ್ ಮಾಡುತ್ತಿರುವ ಆ ಹುಡುಗನೇ.